ಅರಸರ ಊರಿನಲ್ಲಿ ಸೆಟ್ಟರ ಗುಡಿ

ಶಾಲಾ ಪ್ರವಾಸ ಮುಗಿಸಿ ಬಂದ ಮಕ್ಕಳನ್ನು ‘ಬೇಲೂರು, ಹಳೇಬೀಡಿನ ಗುಡಿ ಕಟ್ಟಿಸಿದವರು ಯಾರು?’ ಎಂದು ಕೇಳಿ ನೋಡಿ. ಎರಡಕ್ಕೂ ಒಂದೇ ಉತ್ತರ: ವಿಷ್ಣುವರ್ಧನ. ಇದಕ್ಕೆ ಅರ್ಧ ಅಂಕ ಕೊಡಬಹುದು. ಬೇಲೂರಿನ ಚೆನ್ನಕೇಶವನನ್ನು 1117ರಲ್ಲಿ ಪ್ರತಿಷ್ಠಾಪಿಸಿದವನು ಅರಸನೇ. ಆದರೆ 1121ರ ಸುಮಾರಿಗೆ ಹಳೇಬೀಡಿನ ಹೊಯ್ಸಳೇಶ್ವರಕ್ಕೆ ಮುಂದಾದವರು ಕೇತಮಲ್ಲ, ಕೇಸರಸೆಟ್ಟಿ ಮೊದಲಾದ ಊರಿನ ಸಿರಿವಂತರು.

ಆಗ ಆ ಊರು ದೋರಸಮುದ್ರ, ಹೊಯ್ಸಳರ ರಾಜಧಾನಿ. ಶಾಸನಗಳಲ್ಲಿ ‘ನಗರ’ ಎಂಬುದಕ್ಕೆ ವರ್ತಕರ ಸಂಘ ಎಂಬ ಅರ್ಥವೂ ಉಂಟು. ಅವರ ಮುಖಂಡನೇ ಪಟ್ಟಣಸ್ವಾಮಿ. ಹಳೇಬೀಡಿನಲ್ಲಿ ಮಣ್ಣು ಸರಿಸಿದಾಗ ಕಂಡ ನಗರೇಶ್ವರ ಗುಡಿಯ ಅವಶೇಷ ಹೆಸರಿನಲ್ಲೇ ಆ ಸಂಘವನ್ನು ನೆನಪಿಸುತ್ತದೆ. ಪ್ರವಾಸದ ಬಸ್ಸುಗಳು ಅತ್ತ ತಿರುಗುವುದು ಕಡಿಮೆ.

ಇಂಥ ಸಂಘಗಳಲ್ಲಿ ಐಹೊಳೆಯ ಐನೂರ್ವರದು ಬಹು ದೊಡ್ಡ ಹೆಸರು. ಸುಮಾತ್ರಾ ದ್ವೀಪದ ಬರುಸ್‌ನಲ್ಲಿ ದೊರೆತ 1088ರ ತಮಿಳು ಶಾಸನದಲ್ಲೂ ಐನೂರ್ವರಿದ್ದಾರೆ! ಬರುಸ್ ಕರ್ಪೂರಕ್ಕೆ ಹೆಸರಾದ ಬಂದರು. (ಇಂದು ಮಂಗಳಾರತಿಗೆ ಉರಿಸುವ ಕರ್ಪೂರ ಬಹುಪಾಲು ಟರ್ಪೆಂಟೈನ್‌ನಿಂದ ತಯಾರಾದದ್ದು, ಮರದಿಂದ ನೇರವಾಗಿ ಬಂದದ್ದಲ್ಲ.)

1311ರಲ್ಲಿ ಮಲಿಕ್ ಕಾಫರನ ದಂಡು ಬಂದಿತು. ಆ ಶತಮಾನ ಕಳೆಯುವುದರೊಳಗೆ ರಾಜಧಾನಿಯ ಪಟ್ಟವೂ ಹೋಯಿತು. ವರ್ತಕರು ದೇವರಿಗೆ ಕಲ್ಲಿನಲ್ಲಿ ಕಟ್ಟಿಸಿದ್ದು ಉಳಿಯಿತು, ಅವರ ಅಂಗಡಿಬೀದಿ ಉಳಿಯಲಿಲ್ಲ. 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ್ದೂ ಗುಡಿಗಳೇ. ಅರಸೀಕೆರೆಯ ಶಿವಾಲಯ ಆ ಪಟ್ಟಿಯಲ್ಲಿಲ್ಲ. ಕೊಬ್ಬರಿ ಮಂಡಿಗೆ ಬರುವವರು ಬಿಡುವಿದ್ದರೆ ಅದನ್ನೂ ನೋಡಿ ಹೋಗಬಹುದು.