ಪ್ರಮಾಣಪತ್ರ ಕೈಗೆ ಬಂತು, ಕೊಡಲಿ ಎಲ್ಲಿ?

ಮದೀನಾದ ಓರ್ವ ಬಡ ಅನ್ಸಾರಿಯು ಪ್ರವಾದಿ ಮುಹಮ್ಮದರ(ಸ) ಬಳಿಗೆ ನೆರವು ಯಾಚಿಸಿ ಬಂದ ಘಟನೆಯನ್ನು ನಾವೆಲ್ಲ ಜುಮಾ ಪ್ರವಚನಗಳಲ್ಲಿ ಆಲಿಸಿದ್ದೇವೆ. ಮನೆಯಲ್ಲಿ ಏನಿದೆ ಎಂದು ಪ್ರವಾದಿಯವರು(ಸ) ವಿಚಾರಿಸಿದರು. ಒಂದು ಹೊದಿಕೆ ಮತ್ತು ನೀರು ಕುಡಿಯುವ ಒಂದು ಬಟ್ಟಲು ಎಂದು ಆ ವ್ಯಕ್ತಿ ಹೇಳಿದರು. ಪ್ರವಾದಿಯವರು(ಸ) ಅವೆರಡನ್ನೂ ತರಿಸಿ, ಸಹಚರರ ನಡುವೆ ಹರಾಜು ಕೂಗಿ, ಎರಡು ದಿರ್ಹಮ್‌ಗೆ ಮಾರಿದರು. ಒಂದು ದಿರ್ಹಮ್ ಮನೆಮಂದಿಯ ಆಹಾರಕ್ಕೆ, ಇನ್ನೊಂದು ಕೊಡಲಿಗೆ. ಆ ಕೊಡಲಿಗೆ ಸ್ವತಃ ತಮ್ಮ ಕೈಯಾರೆ ಹಿಡಿ ಜೋಡಿಸಿಕೊಟ್ಟು, ಸೌದೆ ಕಡಿದು ಮಾರುವಂತೆಯೂ ಹದಿನೈದು ದಿನ ತಮ್ಮ ಕಣ್ಣಿಗೆ ಬೀಳದಂತೆಯೂ ಆದೇಶಿಸಿದರು. ಮರಳಿ ಬಂದಾಗ ಆ ವ್ಯಕ್ತಿ ಹತ್ತು ದಿರ್ಹಮ್ ಸಂಪಾದಿಸಿದ್ದರು.

ಅಬೂದಾವೂದ್‌ನಲ್ಲಿ ವರದಿಯಾಗಿರುವ ಈ ಹದೀಸನ್ನು ನಾವು ಭಿಕ್ಷಾಟನೆಯ ಖಂಡನೆಯಾಗಿ ಮಾತ್ರ ಓದುತ್ತಾ ಬಂದಿದ್ದೇವೆ. ನಿಜವಾಗಿ, ಬಡತನ ನಿವಾರಣೆಯ ಒಂದು ಸಮಗ್ರ ಯೋಜನೆಯೇ ಇದರಲ್ಲಿದೆ. ಆ ದಿನದ ಅನ್ನ, ದುಡಿಮೆಯ ಸಾಧನ, ಊರಿಗೆ ಬೇಕಾದ ಕಸುಬು, ಹದಿನೈದು ದಿನಗಳ ಬಳಿಕ ವಿಚಾರಣೆ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಆತ ಪುನಃ ಯಾಚಕನಾಗಿಯೇ ಮರಳುತ್ತಿದ್ದನಲ್ಲವೇ?

ನಮ್ಮ ನಗರಗಳಲ್ಲಿ ಆಗಿರುವುದು ಬಹುತೇಕ ಇದುವೇ. ನಗರದ ಬಡವರಿಗೆ ಉದ್ಯೋಗ ಮತ್ತು ತರಬೇತಿ ನೀಡುವ ಯೋಜನೆಗಳು ಈ ದೇಶಕ್ಕೆ ಹೊಸತಲ್ಲ. 1997ರಲ್ಲಿ ಸ್ವರ್ಣ ಜಯಂತಿ ಶಹರಿ ರೋಜ್‌ಗಾರ್ ಯೋಜನೆ ಬಂತು. ಅದರ ಸ್ಥಾನದಲ್ಲಿ 2013ರಲ್ಲಿ ಬಂದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವು 2024ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿಸಿತು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯು ಲಕ್ಷಾಂತರ ಯುವಕರಿಗೆ ಪ್ರಮಾಣಪತ್ರ ವಿತರಿಸಿತು. ಆದರೆ ಸರಕಾರವೇ ಸಂಸತ್ತಿಗೆ ಒಪ್ಪಿಸಿದ ಲೆಕ್ಕದಂತೆ, ಅದರ ಮೊದಲ ಮೂರು ಹಂತಗಳ ಅಲ್ಪಾವಧಿ ತರಬೇತಿಯಲ್ಲಿ ಪ್ರಮಾಣಪತ್ರ ಪಡೆದವರ ಪೈಕಿ ಉದ್ಯೋಗ ದೊರೆತವರು ಅರ್ಧಕ್ಕಿಂತಲೂ ಕಡಿಮೆ. ಮೂರು ತಿಂಗಳು ಹೊಲಿಗೆ ಕಲಿತ ಯುವತಿಗೆ ಯಂತ್ರವಿಲ್ಲ, ಯಂತ್ರ ಪಡೆದವಳಿಗೆ ಗಿರಾಕಿಯಿಲ್ಲ, ಗಿರಾಕಿ ಇರುವಲ್ಲಿಗೆ ತೆರಳಲು ಬಸ್ಸಿಲ್ಲ ಎಂದಾದರೆ ಆ ಪ್ರಮಾಣಪತ್ರದ ಬೆಲೆಯೇನು?

ಮುಸ್ಲಿಮ್ ಮೊಹಲ್ಲಾಗಳ ಪಾಲಿಗೆ ಈ ಸಮಸ್ಯೆ ಇಮ್ಮಡಿಯಾದುದು. ನಮ್ಮವರಲ್ಲಿ ಸ್ವಂತ ಕಸುಬಿನವರೇ ಅಧಿಕ, ಸಂಬಳದ ಕಾಯಂ ನೌಕರಿಯವರು ವಿರಳ ಎಂದು ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯು 2006ರಲ್ಲೇ ತೋರಿಸಿಕೊಟ್ಟಿತ್ತು. ಕೆಲವು ಬ್ಯಾಂಕುಗಳು ಮುಸ್ಲಿಮ್ ಬಾಹುಳ್ಯದ ಪ್ರದೇಶಗಳನ್ನು ಸಾಲಕ್ಕೆ ಯೋಗ್ಯವಲ್ಲದ ವಲಯಗಳೆಂದು ಗುರುತಿಸುವುದನ್ನೂ ಅದು ಉಲ್ಲೇಖಿಸಿತ್ತು. ಕಸುಬು ಬಲ್ಲವನಿಗೆ ಬೇಕಾದುದು ಇನ್ನೊಂದು ತರಗತಿಯಲ್ಲ. ಬಂಡವಾಳ, ಜಾಗ ಮತ್ತು ಗಿರಾಕಿ.

ಇಷ್ಟಕ್ಕೂ, ಇದು ಅಸಾಧ್ಯವೇನಲ್ಲ. ನೆರೆಯ ಕೇರಳವನ್ನು ನೋಡಿ. ತೊಂಬತ್ತರ ದಶಕದ ಆರಂಭದಲ್ಲಿ ಅಲಪ್ಪುಝ ನಗರಸಭೆಯು ಬಡವರನ್ನು ಗುರುತಿಸಲು ಆದಾಯದ ಪ್ರಮಾಣಪತ್ರವನ್ನು ನೆಚ್ಚಿಕೊಳ್ಳಲಿಲ್ಲ. ಮನೆ, ಶೌಚಾಲಯ, ಕುಡಿಯುವ ನೀರು, ದುಡಿಯುವ ಕೈಗಳು ಮುಂತಾದ ಒಂಬತ್ತು ಅಂಶಗಳನ್ನು ಮುಂದಿಟ್ಟುಕೊಂಡು, ಕೇರಿಯ ಮಹಿಳೆಯರಿಂದಲೇ ಪಟ್ಟಿ ತಯಾರಿಸಿತು. ನೆರೆಕರೆಯ ಮಹಿಳೆಯರ ಗುಂಪು, ಅದರ ಮೇಲೆ ವಾರ್ಡ್ ಸಮಿತಿ, ಅದರ ಮೇಲೆ ನಗರಮಟ್ಟದ ಸಂಘ. ಈ ಮಾದರಿ ಮುಸ್ಲಿಮ್ ಬಾಹುಳ್ಯದ ಮಲಪ್ಪುರಮ್‌ಗೂ ವಿಸ್ತರಿಸಿತು. 1998ರ ಮೇ 17ರಂದು ಅದೇ ಮಲಪ್ಪುರಮ್‌ನಲ್ಲಿ ‘ಕುಟುಂಬಶ್ರೀ’ ಉದ್ಘಾಟನೆಗೊಂಡಿತು. ಇಂದು ಅದರಲ್ಲಿ 40 ಲಕ್ಷಕ್ಕೂ ಅಧಿಕ ಮಹಿಳೆಯರಿದ್ದಾರೆ. ಅಲ್ಲಿನ ಸ್ಥಳೀಯ ಸಂಸ್ಥೆಗಳು ಅವರಿಗೆ ಬರೇ ತರಬೇತಿ ನೀಡಿ ಕೈತೊಳೆದುಕೊಳ್ಳಲಿಲ್ಲ. ಮನೆಮನೆಯ ತ್ಯಾಜ್ಯ ಸಂಗ್ರಹದಂತಹ ಕೆಲಸಗಳನ್ನೇ ಅವರಿಗೆ ವಹಿಸಿದವು. ಅರ್ಥಾತ್, ನಗರವೇ ಅವರ ಗಿರಾಕಿಯಾಯಿತು. ಕುಟುಂಬಶ್ರೀಯ ಘಟಕಗಳೆಲ್ಲ ಗೆದ್ದಿವೆ ಎಂದು ನಾವು ಹೇಳುತ್ತಿಲ್ಲ. ಆದರೆ ಕೇರಿಯ ಜನರ ಕೈಗೇ ನಿರ್ಧಾರವನ್ನು ಒಪ್ಪಿಸಿದುದರಲ್ಲಿ ಪಾಠವಿದೆ.

ಇನ್ನೊಂದು ಪಾಠವೂ ಅಲ್ಲಿಯದೇ. 2017ರಲ್ಲಿ ಕೊಚ್ಚಿ ಮೆಟ್ರೋ ಆರಂಭವಾದಾಗ ನಿಲ್ದಾಣದ ಅನೇಕ ಕೆಲಸಗಳನ್ನು ಕುಟುಂಬಶ್ರೀಯ ಮೂಲಕ ನೀಡಲಾಯಿತು. ಆಗ ನೇಮಕಗೊಂಡ ಲಿಂಗತ್ವ ಅಲ್ಪಸಂಖ್ಯಾತರ ಪೈಕಿ ಕೆಲವರು ಕೆಲವೇ ದಿನಗಳಲ್ಲಿ ಕೆಲಸ ಬಿಟ್ಟರು. ಕೈಗೆಟಕುವ ಬಾಡಿಗೆಗೆ ಅವರಿಗೆ ಮನೆ ಸಿಗಲಿಲ್ಲ. ಕೊಡಲಿ ಸಿಕ್ಕಿತ್ತು, ಮೊದಲ ದಿರ್ಹಮ್ ಸಿಗಲಿಲ್ಲ!

ಹಾಗಾದರೆ ನಮ್ಮಲ್ಲಿ ದಾರಿಯಿಲ್ಲವೇ? 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ನಗರ ಬಡತನ ನಿವಾರಣೆ ಮತ್ತು ಕೊಳೆಗೇರಿ ಸುಧಾರಣೆಯನ್ನು ಪುರಸಭೆ, ನಗರಸಭೆಗಳಿಗೆ ವಹಿಸಬಹುದಾದ ಕಾರ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಕರ್ನಾಟಕದ ಸ್ಥಳೀಯ ಸಂಸ್ಥೆಗಳಲ್ಲಿ ಇತರ ಬಡವರ ಕಲ್ಯಾಣಕ್ಕೆಂದೇ ಶೇ. 7.25ರ ನಿಧಿಯಿದೆ. ಹೊಲಿಗೆ ಯಂತ್ರ, ತಳ್ಳುಗಾಡಿಗಳನ್ನು ಅನೇಕ ಊರುಗಳಲ್ಲಿ ಇದರಿಂದಲೇ ವಿತರಿಸಲಾಗಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಮಂದಿ ವ್ಯಾಪಾರಿಗಳೇ ಇರಬೇಕು. ಅವರಲ್ಲಿ ಅಲ್ಪಸಂಖ್ಯಾತರಿಗೂ ಪ್ರಾತಿನಿಧ್ಯವಿರಬೇಕು. ನಮ್ಮ ಪಟ್ಟಣದಲ್ಲಿ ಆ ನಿಧಿ ಈ ವರ್ಷ ಎಷ್ಟು, ಯಾರಿಗೆ ಸಂದಿತು, ಸಮಿತಿಯಲ್ಲಿ ಯಾರಿದ್ದಾರೆ ಎಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ? ಚರಂಡಿಗಾಗಿ, ದಾರಿದೀಪಕ್ಕಾಗಿ ಸದಸ್ಯರ ಮನೆಬಾಗಿಲಿಗೆ ಹೋಗುವ ನಾವು ದುಡಿಮೆಯ ಕುರಿತು ಬಾಯಿ ತೆರೆಯುವುದಿಲ್ಲವೇಕೆ?

ಸರಕಾರವನ್ನು ಪ್ರಶ್ನಿಸುವಾಗ ನಾವು ನಮ್ಮನ್ನೂ ಪ್ರಶ್ನಿಸಿಕೊಳ್ಳಬೇಕು. ರಮಝಾನ್‌ನಲ್ಲಿ ಶ್ರೀಮಂತರ ಮನೆಯೆದುರು ಬಡ ಮಹಿಳೆಯರ ಸರತಿ ಸಾಲು ನಿಲ್ಲುತ್ತದೆ. ಝಕಾತ್ ಎಂಬ ಕಡ್ಡಾಯ ಹಕ್ಕು ಚಿಲ್ಲರೆ ನೋಟುಗಳಾಗಿ ಹಂಚಿಹೋಗುತ್ತದೆ. ಮರುವರ್ಷ ಅದೇ ಸಾಲು, ಅದೇ ಮುಖಗಳು. ಮಸೀದಿಯ ನವೀಕರಣಕ್ಕೆ ತಿಂಗಳುಗಟ್ಟಲೆ ಸಭೆ ಸೇರುವ ಜಮಾಅತ್ ಸಮಿತಿಯ ಬಳಿ, ಮೊಹಲ್ಲಾದಲ್ಲಿ ಶಾಲೆ ಬಿಟ್ಟ ಹುಡುಗರೆಷ್ಟು, ವಿಧವೆಯರೆಷ್ಟು, ಯಾರಿಗೆ ಯಾವ ಕಸುಬು ಗೊತ್ತು ಎಂಬ ಪಟ್ಟಿಯಿದೆಯೇ? ಸಾಮೂಹಿಕವಾಗಿ ಸಂಗ್ರಹಿಸಿದ ಝಕಾತ್‌ನಿಂದ ವರ್ಷಕ್ಕೆ ಹತ್ತು ಅರ್ಹ ಕುಟುಂಬಗಳಿಗೆ ‘ಕೊಡಲಿ’ ಕೊಡಿಸಿದರೂ ಮುಂದಿನ ರಮಝಾನ್‌ನ ಸಾಲು ಅಷ್ಟು ಕಿರಿದಾದೀತು. ತರಬೇತಿ ಕೇಂದ್ರ ದೂರವೆಂದು ಹೆಣ್ಮಕ್ಕಳನ್ನು ಮನೆಯಲ್ಲಿ ಕೂರಿಸುವ ಬದಲು, ಮದ್ರಸದ ಖಾಲಿ ಕೊಠಡಿಯನ್ನು ಹಗಲಿನಲ್ಲಿ ತರಬೇತಿಗೆ ತೆರೆದುಕೊಡಲು ಅಡ್ಡಿಯೇನಿದೆ?

ಪ್ರವಾದಿಯವರು(ಸ) ಆ ಅನ್ಸಾರಿಗೆ ಉಪದೇಶವನ್ನಷ್ಟೇ ಕೊಟ್ಟು ಕಳುಹಿಸಲಿಲ್ಲ. ಸ್ವತಃ ಹರಾಜು ಕೂಗಿದರು, ಸ್ವತಃ ಹಿಡಿ ಜೋಡಿಸಿದರು, ಮರಳಿ ಬರಲು ದಿನ ಗೊತ್ತುಪಡಿಸಿದರು. ನಗರಸಭೆಯಿಂದ ನಾವು ಕೇಳಬೇಕಾದುದೂ ಅದನ್ನೇ, ನಮ್ಮ ಜಮಾಅತ್‌ಗಳಿಂದ ನಿರೀಕ್ಷಿಸಬೇಕಾದುದೂ ಅದನ್ನೇ.