ಕಾಫಿ ಮೂಟೆಗೆ ಹಲಗೆ, ಮಕ್ಕಳಿಗೆ ಒದ್ದೆ ನೆಲ

ಕಾಫಿ ಮೂಟೆ ಪೇರಿಸುವುದನ್ನು ನೀವೆಲ್ಲ ನೋಡಿದ್ದೀರಿ. ಯಾರೂ ಬರೀ ನೆಲದ ಮೇಲೆ ಇಡುವುದಿಲ್ಲ. ಮೊದಲು ಮರದ ಹಲಗೆ, ಅದರ ಮೇಲೆ ಮೂಟೆ. ಗೋಡೆಗೂ ತಾಗಿಸುವುದಿಲ್ಲ, ನಡುವೆ ಜಾಗ ಬಿಡುತ್ತಾರೆ. ಪಾರ್ಚ್‌ಮೆಂಟ್ ಆದರೆ ತೇವಾಂಶ ಶೇ. 10ರ ಹತ್ತಿರ, ಚೆರಿ ಆದರೆ 11ರ ಹತ್ತಿರ ಬರುವವರೆಗೆ ಕಣದಲ್ಲಿ ಒಣಗಿಸಿ, ಆಮೇಲೆ ಚೀಲ ಕಟ್ಟುತ್ತಾರೆ. ತೇವ ಏರಿದರೆ ಬೂಸ್ಟು, ಬೂಸ್ಟು ಹಿಡಿದರೆ ರೇಟು ಹೋಯಿತು. ಇದು ಕೊಡಗಿನಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು.

ಈಗ ಅದೇ ಊರಿನ ಸರ್ಕಾರಿ ಶಾಲೆಯನ್ನು ಕಕ್ಕಡದ ಮಳೆಯಲ್ಲಿ, ಅಂದರೆ ಜುಲೈ ಕೊನೆಯ ಹೊತ್ತಿಗೆ, ಒಳಗೆ ಹೋಗಿ ನೋಡಿದ ನೆನಪು ಮಾಡಿಕೊಳ್ಳಿ. ಕಿಟಕಿಗಳೆಲ್ಲ ಮುಚ್ಚಿವೆ. ಗೋಡೆಯ ಬುಡದಿಂದ ಮೊಣಕಾಲೆತ್ತರದವರೆಗೆ ಕಪ್ಪು ಕಲೆ. ನಲಿ-ಕಲಿಯ ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಅದೇ ಗೋಡೆಗೆ ಒರಗಿಕೊಂಡು ನೆಲದ ಮೇಲೆ ಕೂತಿದ್ದಾರೆ. ಹಲಗೆ ಇಲ್ಲ. ಗೋಡೆಗೂ ಬೆನ್ನಿಗೂ ನಡುವೆ ಒಂದು ಅಂಗೈ ಜಾಗವೂ ಇಲ್ಲ.

ನಮ್ಮಲ್ಲಿ ಕೆಲವರು ಇಂಥ ಶಾಲೆಗಳಲ್ಲೇ ಓದಿದವರು. ಆ ವಾಸನೆ ಇನ್ನೂ ಮೂಗಿನಲ್ಲಿದೆ. ಒದ್ದೆ ಜರ್ಕಿನ್, ಒದ್ದೆ ಸಾಕ್ಸ್, ಬಾಗಿಲ ಮೂಲೆಯಲ್ಲಿ ನೀರು ಸೋರುವ ಕೊಡೆಗಳ ರಾಶಿ, ಮುಗ್ಗಲು ಹಿಡಿದ ಚಾರ್ಟ್ ಪೇಪರ್. ಚಾಕ್‌ಪೀಸು ಬೋರ್ಡಿನ ಮೇಲೆ ಜಾರುತ್ತಿತ್ತು. ನೋಟ್‌ಬುಕ್ ಹಾಳೆ ಉಬ್ಬಿ ಪೆನ್ನಿನ ಇಂಕು ಹರಡುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಅರ್ಧ ಕ್ಲಾಸು ತೂಕಡಿಸುತ್ತಿತ್ತು. ಜೂನ್‌ನಲ್ಲಿ ಶುರುವಾದ ಕೆಮ್ಮು ಕೆಲವರಿಗೆ ದಸರಾ ರಜೆಯವರೆಗೆ ಬಿಡುತ್ತಿರಲಿಲ್ಲ. ಮಳೆಗಾಲ ಅಂದರೆ ಹೀಗೇ ಎಂದು ಮನೆಯಲ್ಲೂ ಹೇಳುತ್ತಿದ್ದರು, ಶಾಲೆಯಲ್ಲೂ ಹೇಳುತ್ತಿದ್ದರು, ನಾವೂ ನಂಬಿದ್ದೆವು.

ಪತ್ರಿಕೋದ್ಯಮ ಓದಲು ಹೋದಾಗಲೂ ನಮಗೆ ಗಾಳಿ ಕೆಡುವುದು ಎಂದರೆ ದೆಹಲಿಯ ಸುದ್ದಿ. ಕೊಡಗಿಗೆ ಜನ ಬರುವುದೇ ಒಳ್ಳೆಯ ಗಾಳಿಗೆ, ಹೋಮ್‌ಸ್ಟೇ ಬೋರ್ಡುಗಳಲ್ಲೂ ಅದನ್ನೇ ಬರೆದಿರುತ್ತಾರೆ. ಹೊರಗಿನ ಗಾಳಿ ಚೆನ್ನಾಗಿದೆ, ಅದರಲ್ಲಿ ನಮಗೇನೂ ತಕರಾರಿಲ್ಲ. ಆದರೆ ಆ ಗಾಳಿ ಕ್ಲಾಸ್‌ರೂಮಿನ ಒಳಗೆ ಬರುತ್ತಿದೆಯೇ ಎಂದು ಕೇಳಿದವರು ಕಡಿಮೆ.

ಒಂದು ಸಣ್ಣ ಲೆಕ್ಕ ಹಾಕೋಣ. 20 ಅಡಿಗೆ 25 ಅಡಿ ಅಳತೆಯ, 10 ಅಡಿ ಎತ್ತರದ ಒಂದು ಕೊಠಡಿ. ಒಳಗೆ 20 ಮಕ್ಕಳು. ನಾವು ಉಸಿರು ಬಿಟ್ಟಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ಹೊರಗಿನ ಗಾಳಿಯಲ್ಲಿ ಹತ್ತು ಲಕ್ಷ ಭಾಗಕ್ಕೆ ಸುಮಾರು 420 ಭಾಗ ಇರುತ್ತದೆ. ಕೊಠಡಿಯ ಕಿಟಕಿ, ಬಾಗಿಲು, ಸಂದುಗೊಂದು ಎಲ್ಲ ಮುಚ್ಚಿ ಗಾಳಿ ಬದಲಾಗದಂತೆ ಮಾಡಿದರೆ ಅರ್ಧ ಗಂಟೆಯೊಳಗೆ ಅದು 1,000 ದಾಟುತ್ತದೆ. 1,000 ಎಂಬುದು ನಾವು ಇಟ್ಟ ಗೆರೆಯಲ್ಲ. 1858ರಲ್ಲಿ ಮ್ಯೂನಿಕ್ ನಗರದಲ್ಲಿ ಮ್ಯಾಕ್ಸ್ ಫಾನ್ ಪೆಟ್ಟೆನ್‌ಕೋಫರ್ ಎಂಬ ವೈದ್ಯವಿಜ್ಞಾನಿ, ಜನ ತುಂಬಿದ ಕೋಣೆಯ ಗಾಳಿ ಕೆಟ್ಟಿದೆ ಎನ್ನಲು ಇಟ್ಟ ಗುರುತು ಅದು. ಆ ಮಟ್ಟದಲ್ಲಿ ಈ ಅನಿಲವೇ ವಿಷವೇನಲ್ಲ. ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ ಎಂಬುದಕ್ಕೆ ಅದು ಸಾಕ್ಷಿ. ಒಂದು ಮಗುವಿನ ನೆಗಡಿ ವಾರದೊಳಗೆ ಇಡೀ ಕ್ಲಾಸಿಗೆ ಹಬ್ಬುವುದು ಹೀಗೆ. ಊಟದ ನಂತರದ ತೂಕಡಿಕೆಯಲ್ಲೂ ಎಲ್ಲ ತಪ್ಪು ಸಾಂಬಾರಿನದ್ದಲ್ಲ.

ಉಸಿರಿನ ಜೊತೆ ನೀರೂ ಹೊರಬರುತ್ತದೆ. 20 ಮಕ್ಕಳ ಉಸಿರು ಮತ್ತು ಮೈಯಿಂದ ಗಂಟೆಗೆ ಅರ್ಧ ಲೀಟರಿಗೂ ಹೆಚ್ಚು ನೀರು ಆವಿಯಾಗಿ ಗಾಳಿಗೆ ಸೇರುತ್ತದೆ. ಅದರ ಮೇಲೆ ಒದ್ದೆ ಬಟ್ಟೆ, ಒದ್ದೆ ಬ್ಯಾಗು. ಹೋಗಲು ದಾರಿ ಇಲ್ಲದಿದ್ದರೆ ಆ ನೀರು ತಣ್ಣಗಿರುವ ಗೋಡೆಗೆ, ಆರ್‌ಸಿಸಿ ಚಾವಣಿಗೆ ಕೂರುತ್ತದೆ. ಬೂಸ್ಟು ಬೆಳೆಯಲು ಇನ್ನೇನು ಬೇಕು?

ಬೂಸ್ಟು ಬರೀ ಕಣ್ಣಿಗೆ ಅಸಹ್ಯ ಅನ್ನುವ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಕಟ್ಟಡಗಳ ತೇವ ಮತ್ತು ಬೂಸ್ಟಿನ ಬಗ್ಗೆಯೇ ಒಂದು ಪೂರ್ತಿ ಮಾರ್ಗಸೂಚಿ ಹೊರತಂದಿತು. ತೇವದ ಕಟ್ಟಡದಲ್ಲಿ ಇರುವವರಿಗೆ ಕೆಮ್ಮು, ಉಬ್ಬಸ, ಶ್ವಾಸಕೋಶದ ಸೋಂಕು, ಆಸ್ತಮಾ ಹೆಚ್ಚು ಎಂದು ಅದರಲ್ಲಿದೆ. ಬೂಸ್ಟು ಬರದಂತೆ ತಡೆಯುವುದೇ ಮುಖ್ಯ ಎಂದೂ ಇದೆ. ಮಕ್ಕಳು ತಮ್ಮ ಮೈ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ, ಹಾಗಾಗಿ ಪೆಟ್ಟೂ ಅವರಿಗೇ ಹೆಚ್ಚು.

ಇಲ್ಲಿ ಒಂದು ಮಾತು ಹೇಳದೆ ಇರಲಾಗುವುದಿಲ್ಲ. ಕಾಫಿಗೆ ಬೂಸ್ಟು ಹಿಡಿದರೆ ಓಕ್ರಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು. ಯುರೋಪಿನಲ್ಲಿ ಮಾರುವ ಕಾಫಿಯಲ್ಲಿ ಅದು ಎಷ್ಟಿರಬಹುದು ಎಂದು ಅಲ್ಲಿಯ ಕಾನೂನು ಮಿತಿ ಹಾಕಿದೆ. ನಮ್ಮ ಶಾಲೆಗಳ ಕೊಠಡಿಯೊಳಗಿನ ಗಾಳಿಗೆ ಅಂಥ ಕಡ್ಡಾಯ ಮಿತಿ ಇಲ್ಲ. ನಮ್ಮ ತೋಟದ ಕಾಫಿ ಕುಡಿಯುವ ದೂರದವರಿಗೆ ಇರುವ ಕಾವಲು, ಆ ಕಾಫಿ ಕೊಯ್ಯುವವರ ಮಕ್ಕಳಿಗೆ ಇಲ್ಲ.

ಕೊಯ್ಯುವವರ ಮಕ್ಕಳು ಎಂದು ಬೇಕೆಂದೇ ಬರೆದಿದ್ದೇವೆ. ಊರಲ್ಲಿ ಸ್ವಲ್ಪ ಅನುಕೂಲ ಇದ್ದವರ ಮಕ್ಕಳು ಬೆಳಿಗ್ಗೆ ವ್ಯಾನ್ ಹತ್ತಿ ಖಾಸಗಿ ಶಾಲೆಗೆ ಹೋಗುತ್ತಾರೆ. ಸರ್ಕಾರಿ ಶಾಲೆಯಲ್ಲಿ ಉಳಿದಿರುವವರಲ್ಲಿ ತೋಟದ ಲೈನ್ ಮನೆಯ ಮಕ್ಕಳು, ಹಾಡಿಯ ಯರವ, ಕುರುಬ ಮಕ್ಕಳು, ಹೊರರಾಜ್ಯದಿಂದ ಕೆಲಸಕ್ಕೆ ಬಂದವರ ಮಕ್ಕಳು ಬಹಳ. ಲೈನ್ ಮನೆಯಲ್ಲಿ ಒಂದೇ ಕೋಣೆ, ಸೌದೆ ಒಲೆ, ಅದರ ಮೇಲೆ ಕಟ್ಟಿದ ಹಗ್ಗದಲ್ಲಿ ಯೂನಿಫಾರಂ ಒಣಗಬೇಕು. ಹೊಗೆಯ ಕೋಣೆಯಿಂದ ಎದ್ದು ಬೂಸ್ಟಿನ ಕೋಣೆಗೆ ಬಂದು ಕೂರುತ್ತಾರೆ. ಆಶ್ರಮ ಶಾಲೆಯ ಮಕ್ಕಳಂತೂ ರಾತ್ರಿ ಮಲಗುವುದೂ ಅಲ್ಲೇ.

ಹಳೇ ಶಾಲೆಗಳಲ್ಲಿ ಇಷ್ಟು ಸಮಸ್ಯೆ ಇರಲಿಲ್ಲ ಎಂದು ಹಿರಿಯರು ಹೇಳಿದರೆ ನಗಬೇಡಿ, ಅದರಲ್ಲಿ ಅರ್ಥವಿದೆ. ಮಂಗಳೂರು ಹೆಂಚಿನ ಕಟ್ಟಡ ತನ್ನಷ್ಟಕ್ಕೆ ಉಸಿರಾಡುತ್ತದೆ. ಬಿಸಿಯಾದ ತೇವದ ಗಾಳಿ ಮೇಲೇರಿ ಹೆಂಚಿನ ಸಂದಿನಲ್ಲಿ ಹೊರಗೆ ಹೋಗುತ್ತದೆ. ಸೂರು ಉದ್ದ ಚಾಚಿರುತ್ತದೆ, ಮುಂದೆ ಜಗಲಿ ಇರುತ್ತದೆ, ಹಾಗಾಗಿ ಜೋರು ಮಳೆಯಲ್ಲೂ ಕಿಟಕಿ ತೆರೆದಿಡಬಹುದು. ಒಡೆದ ಹೆಂಚು ಬದಲಿಸದೆ, ಪಕಾಸು ರೀಪು ಹುಳ ಹಿಡಿದು ಸೋರತೊಡಗಿದಾಗ ಆ ಕಟ್ಟಡಗಳಿಗೆ ಕೆಟ್ಟ ಹೆಸರು ಬಂತು. ಅದರ ಜಾಗದಲ್ಲಿ ಬಂದ ಆರ್‌ಸಿಸಿ ಕೊಠಡಿಗೆ ಎಷ್ಟೋ ಕಡೆ ಒಂದೂವರೆ ಅಡಿ ಸಜ್ಜ. ಪಡುವಣದಿಂದ ಎರಚಲು ಹೊಡೆದರೆ ಅದು ಯಾವ ಮೂಲೆಗೂ ಸಾಲದು. ಟೀಚರ್ ಕಿಟಕಿ ಮುಚ್ಚದೆ ಇನ್ನೇನು ಮಾಡಬೇಕು?

ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಕುಶಾಲನಗರದಲ್ಲಿ ಮಡಿಕೇರಿಯ ಅರ್ಧವೂ ಇಲ್ಲ. ಒಂದೇ ಜಿಲ್ಲೆಯೊಳಗೆ ಇಷ್ಟು ವ್ಯತ್ಯಾಸ ಇರುವಾಗ ಎಲ್ಲಕ್ಕೂ ಒಂದೇ ನಕ್ಷೆಯ ಕೊಠಡಿ ಕಟ್ಟಿದರೆ ಹೇಗೆ? ಶಿಕ್ಷಣ ಹಕ್ಕು ಕಾಯ್ದೆ 2009ರ ಪರಿಶಿಷ್ಟದಲ್ಲಿ ಶಾಲೆಗೆ ‘ಎಲ್ಲ ಹವಾಮಾನಕ್ಕೂ ತಕ್ಕ ಕಟ್ಟಡ’ ಇರಬೇಕು ಎಂದಿದೆ. ಎಲ್ಲ ಹವಾಮಾನ ಎಂದರೆ ನಮ್ಮ ಹವಾಮಾನವೂ ಸೇರಿತು. ನಾಲ್ಕು ತಿಂಗಳು ಕಿಟಕಿ ತೆರೆಯಲಾಗದ ಕಟ್ಟಡ ಕಾಯ್ದೆಯ ಅರ್ಥದಲ್ಲಿ ಪೂರ್ತಿ ಕಟ್ಟಡವೇ ಅಲ್ಲ ಎಂಬುದು ನಮ್ಮ ವಾದ. ಹೊಸ ಕೊಠಡಿ ಮಂಜೂರಾದಾಗ ಇದನ್ನು ಎಂಜಿನಿಯರ್ ಮುಂದೆ ಇಡಲು ಎಸ್‌ಡಿಎಂಸಿಯವರು ಹಿಂಜರಿಯಬಾರದು. ಕೇಳಬೇಕಾದ್ದು ಹೆಚ್ಚೇನಲ್ಲ: ಅಗಲ ಸಜ್ಜ, ಮುಂದೆ ಜಗಲಿ, ಚಾವಣಿಯ ಕೆಳಗೆ ಎದುರುಬದುರು ಗೋಡೆಯಲ್ಲಿ ಮುಚ್ಚಲಾಗದ ವೆಂಟಿಲೇಟರ್.

ಹಳೇ ಕೊಠಡಿಗಳಲ್ಲಿ ವೆಂಟಿಲೇಟರ್ ಇದ್ದರೂ ಎಷ್ಟೋ ಕಡೆ ರಟ್ಟು ತುರುಕಿರುತ್ತಾರೆ. ಕಾರಣ ಕೇಳಿದರೆ ಬಾವಲಿ, ಗುಬ್ಬಿ, ಚಳಿ. ರಟ್ಟಿನ ಬದಲು ಜಾಲರಿ ಹೊಡೆದರೆ ಬಾವಲಿಯೂ ಬರುವುದಿಲ್ಲ, ಗಾಳಿಯೂ ನಿಲ್ಲುವುದಿಲ್ಲ.

ನಮ್ಮ ಜೊತೆ ಮಾತಾಡಿದ ಒಬ್ಬ ಹೆಡ್ ಮೇಷ್ಟ್ರು ಸರಿಯಾಗೇ ಕೇಳಿದರು: “ನೀವು ಕಿಟಕಿ ತೆಗೀರಿ ಅಂತೀರಿ. ಹೊರಗೆ ಮಂಜು, ಗಾಳಿಯಲ್ಲೇ ನೀರಿದೆ. ಮಳೆಗಾಲದಲ್ಲಿ ಕಾಫಿ ಸ್ಟೋರಿನ ಕಿಟಕಿಯನ್ನ ಯಾರಾದರೂ ತೆಗೀತಾರಾ?”

ತೆಗೆಯುವುದಿಲ್ಲ, ನಿಜ. ಮಳೆಗಾಲದ ಗಾಳಿಗೆ ಒಡ್ಡಿದ ಕಾಫಿ ಬೀಜ ನೀರು ಹೀರಿ ಉಬ್ಬಿ ಬಣ್ಣ ಬಿಡುತ್ತದೆ. ಮಂಗಳೂರಿನ ಕಡೆ ಅದನ್ನೇ ಬೇಕೆಂದು ಮಾಡಿ ಮಾನ್ಸೂನ್ಡ್ ಕಾಫಿ ಎಂದು ಮಾರುತ್ತಾರೆ. ಆದರೆ ಮೂಟೆ ಉಸಿರಾಡುವುದಿಲ್ಲ, ಮಕ್ಕಳು ಉಸಿರಾಡುತ್ತಾರೆ. ನಮ್ಮ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಹೊರಗಿನ ಗಾಳಿ ತಣ್ಣಗಿದ್ದು ಒಳಗೆ ಬಂದು ಮಕ್ಕಳ ಮೈಯ ಕಾವಿಗೆ ಬೆಚ್ಚಗಾದಾಗ ಇನ್ನಷ್ಟು ತೇವ ಹೊರುವ ಶಕ್ತಿ ಪಡೆಯುತ್ತದೆ, ಅದನ್ನು ಹೊತ್ತುಕೊಂಡು ಹೊರಗೆ ಹೋಗುತ್ತದೆ. ಅದಕ್ಕೆ ಎಲ್ಲ ಕಿಟಕಿ ತೆರೆಯಬೇಕಿಲ್ಲ. ಎರಚಲು ಹೊಡೆಯುವ ಪಡುವಣ ಬದಿ ಮುಚ್ಚಿ, ಮೂಡಣ ಬದಿಯ ಕಿಟಕಿಯನ್ನೂ ಬಾಗಿಲನ್ನೂ ತೆರೆದಿಡಬಹುದು. ಪ್ರತಿ ಪೀರಿಯಡ್ ಮುಗಿದಾಗ, ಮಳೆ ಹೊಳವಾದಾಗ ಐದು ನಿಮಿಷ ಎಲ್ಲವನ್ನೂ ತೆರೆಯಬಹುದು. ಮಳೆ ರಜೆ ಕಳೆದು ಶಾಲೆ ತೆರೆಯುವ ದಿನ ಮಕ್ಕಳು ಬರುವ ಅರ್ಧ ಗಂಟೆ ಮೊದಲು ಯಾರಾದರೂ ಬಂದು ಬಾಗಿಲು ತೆಗೆದರೆ ಮುಚ್ಚಿಟ್ಟ ಮುಗ್ಗಲು ಮಕ್ಕಳ ಮೂಗಿಗೆ ಹೋಗುವುದಿಲ್ಲ.

ಕೊಡೆ, ಜರ್ಕಿನ್ ಕ್ಲಾಸಿನೊಳಗೆ ಬೇಡವೇ ಬೇಡ. ಜಗಲಿಯಲ್ಲಿ ಒಂದು ಬಿದಿರು ಅಥವಾ ಜಿಐ ಪೈಪ್ ಕಟ್ಟಿ ನೇತುಹಾಕಿ. ನೆಲದಲ್ಲಿ ಕೂರುವ ಮಕ್ಕಳ ಕೆಳಗೆ ಬರೀ ಚಾಪೆ ಸಾಲದು, ಚಾಪೆಯೂ ಅಡಿಯಲ್ಲಿ ಬೂಸ್ಟು ಹಿಡಿಯುತ್ತದೆ. ಊರಿನ ಮರದ ಕೆಲಸದವರಿಗೆ ಹೇಳಿದರೆ ನಾಲ್ಕು ಇಂಚು ಎತ್ತರದ ಹಲಗೆ ಮಣೆ ಮಾಡಿಕೊಡುತ್ತಾರೆ. ಕಾಫಿ ಮೂಟೆಗೆ ಮಾಡಿಕೊಡುವವರು ಅವರೇ ಅಲ್ಲವೇ.

ಗೋಡೆಯ ಕಪ್ಪು ಕಲೆಯ ಮೇಲೆ ಪೇಂಟ್ ಬಳಿದು ಸ್ವಾತಂತ್ರ್ಯ ದಿನಾಚರಣೆಗೆ ಚಂದ ಮಾಡುವುದು ನಮ್ಮಲ್ಲಿ ರೂಢಿ. ಸೆಪ್ಟೆಂಬರಿಗೆ ಕಲೆ ಮತ್ತೆ ಮೇಲೆ ಬರುತ್ತದೆ. ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕದೆ ಬಳಿದ ಪೇಂಟ್ ದಂಡ. ಸೂರಿನ ನೀರು ಗೋಡೆ ಬುಡಕ್ಕೇ ಬೀಳುತ್ತಿರಬಹುದು, ಹಿಂದಿನ ಬರೆಯ ಮಣ್ಣು ಗೋಡೆಗೆ ಒರಗಿರಬಹುದು, ಚರಂಡಿ ಮುಚ್ಚಿರಬಹುದು. ಅದನ್ನು ಮೊದಲು ಸರಿಮಾಡಿ, ಸೋಪು ನೀರಿನಲ್ಲಿ ಉಜ್ಜಿ, ಪೂರ್ತಿ ಒಣಗಿದ ಮೇಲೆ ಸುಣ್ಣ ಹೊಡೆಯಬೇಕು. ಉಜ್ಜುವವರು ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಲಿ. ಮಕ್ಕಳ ಕೈಯಲ್ಲಿ ಮಾತ್ರ ಈ ಕೆಲಸ ಮಾಡಿಸಬೇಡಿ. ಆಸ್ಬೆಸ್ಟಾಸ್ ಶೀಟಿನ ಚಾವಣಿ ಇದ್ದು ಒಡೆದಿದ್ದರೆ ಅದರ ಚೂರು, ಪುಡಿ ಗುಡಿಸುವುದಕ್ಕೂ ಅವರನ್ನು ಕಳಿಸಬೇಡಿ, ಅದರ ನಾರು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ.

ಅಡುಗೆ ಕೋಣೆಯನ್ನೂ ಮರೆಯಬಾರದು. ಅಕ್ಷರ ದಾಸೋಹದ ಅಡುಗೆಗೆ ಗ್ಯಾಸ್ ಬಂದಿದೆ. 2013ರಿಂದ ಕ್ಷೀರ ಭಾಗ್ಯದ ಹಾಲೂ ಕಾಯಿಸಬೇಕು. ಸಿಲಿಂಡರ್ ತಡವಾದ ದಿನ ಸೌದೆ ಒಲೆ ಹೊತ್ತುತ್ತದೆ, ಅದೂ ಮಳೆಯಲ್ಲಿ ನೆನೆದ ಸೌದೆ. ಅಡುಗೆ ಅಕ್ಕಂದಿರು ಅದರ ಮುಂದೆ ಕಣ್ಣೊರೆಸಿಕೊಳ್ಳುತ್ತಾ ನಿಲ್ಲುತ್ತಾರೆ, ಹೊಗೆ ಪಕ್ಕದ ಕ್ಲಾಸಿಗೆ ನುಗ್ಗುತ್ತದೆ. ಒಂದು ಸಿಲಿಂಡರ್ ಹೆಚ್ಚುವರಿಯಾಗಿ ಇಟ್ಟುಕೊಳ್ಳುವುದಕ್ಕೆ ದೊಡ್ಡ ಯೋಜನೆ ಬೇಕಿಲ್ಲ.

ದುಡ್ಡಿನ ಮಾತಿಗೆ ಬರೋಣ. ಸಮಗ್ರ ಶಿಕ್ಷಣದ ನಿಯಮದಂತೆ 30ರವರೆಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 10,000 ರೂಪಾಯಿ ಅನುದಾನ, 31ರಿಂದ 100 ಮಕ್ಕಳಿದ್ದರೆ 25,000. ಚಾಕ್‌ಪೀಸು, ಕರೆಂಟ್ ಬಿಲ್ಲು, ರಿಪೇರಿ ಎಲ್ಲ ಅದರಲ್ಲೇ. ಕೊಡಗಿನಲ್ಲಿ ಚಿಕ್ಕ ಶಾಲೆಗಳೇ ಬಹಳ. ತಲೆ ಎಣಿಸಿ ದುಡ್ಡು ಕೊಟ್ಟರೆ 18 ಮಕ್ಕಳ ಶಾಲೆಯ ಚಾವಣಿ ರಿಪೇರಿ ಆಗುವುದಿಲ್ಲ, ಯಾಕೆಂದರೆ ಮಳೆ ತಲೆ ಎಣಿಸಿ ಸುರಿಯುವುದಿಲ್ಲ. ಮಳೆ ಜಾಸ್ತಿ ಇರುವ ತಾಲ್ಲೂಕುಗಳ ಶಾಲೆಗಳಿಗೆ ರಿಪೇರಿಗೆಂದೇ ಬೇರೆ ಮೊತ್ತ ಬೇಕು, ಮತ್ತು ಅದು ಏಪ್ರಿಲ್‌ನಲ್ಲೇ ಕೈಗೆ ಬರಬೇಕು. ಮಳೆ ಶುರುವಾದ ಮೇಲೆ ಬಂದ ದುಡ್ಡಿನಲ್ಲಿ ಹೆಂಚು ಹತ್ತುವವರು ಯಾರೂ ಇಲ್ಲ. ನಮ್ಮ ಜಿಲ್ಲೆಯ ಶಾಸಕರನ್ನು, ಜಿಲ್ಲಾ ಪಂಚಾಯಿತಿಯನ್ನು ಕೇಳಬೇಕಾದ ಪ್ರಶ್ನೆ ಇದು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಮನೆ ಬಿಟ್ಟು ಬಂದವರನ್ನು ಶಾಲೆಗಳಲ್ಲೇ ಇರಿಸಿದ್ದೆವು. ಆಗ ಆ ಕಟ್ಟಡಗಳು ಎಲ್ಲರ ಕಟ್ಟಡಗಳಾಗಿದ್ದವು.

ಸರ್ಕಾರದಿಂದ ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸಗಳೂ ಇವೆ, ಮತ್ತು ಶಾಲೆ ಶುರುವಾಗಲು ಇನ್ನು ಸ್ವಲ್ಪವೇ ದಿನ. ಹೂಮಳೆ ಮುಗಿದಿದೆ. ಊರಲ್ಲಿ ಹೆಂಚು ಕೆಲಸ ಗೊತ್ತಿರುವವರು ಈಗ ಇಬ್ಬರೋ ಮೂವರೋ ಉಳಿದಿದ್ದಾರೆ, ಅವರು ಮೇ ಮೂರನೇ ವಾರದ ಮೇಲೆ ಯಾರ ಕೈಗೂ ಸಿಗುವುದಿಲ್ಲ, ಎಲ್ಲ ತೋಟದ ಬಂಗಲೆಗಳಿಗೆ, ಸ್ಟೋರುಗಳಿಗೆ ಬುಕ್ ಆಗಿರುತ್ತಾರೆ. ಎಸ್‌ಡಿಎಂಸಿ ಅಧ್ಯಕ್ಷರು ಈ ವಾರವೇ ಹೋಗಿ ಶಾಲೆಗೆಂದು ಒಂದು ದಿನ ಹೇಳಿಟ್ಟು ಬರಲಿ. ಬರುವಾಗ ಹಲಗೆಯ ಲೆಕ್ಕವನ್ನೂ ಕೇಳಿಕೊಂಡು ಬರಲಿ.