ನಕಲು ಮಾಡಿದ ವಕೀಲ

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ, ಓದುವ ಹವ್ಯಾಸವಿದ್ದವರು ಮೆಚ್ಚಿದ ಪದ್ಯಗಳನ್ನು ಖಾಲಿ ಪುಸ್ತಕವೊಂದರಲ್ಲಿ ಅಂದವಾಗಿ ಬರೆದಿಟ್ಟುಕೊಳ್ಳುವುದು ವಾಡಿಕೆಯಾಗಿದ್ದಿತು. ಬಹುಮಟ್ಟಿಗೆ ಅದು ಬಿಡುವೇಳೆಯ ವಿನೋದ. ಆದರೆ ರಿಚರ್ಡ್ ವುಡ್‌ಹೌಸ್ ಎಂಬ ವಕೀಲನಿಗೆ ಅದು ವ್ರತವೇ ಆಯಿತು.

ಈತ ಜಾನ್ ಕೀಟ್ಸ್ ಕವಿಯ ಪ್ರಕಾಶಕರಿಗೆ ಕಾನೂನು ಸಲಹೆಗಾರ. 1818ರಲ್ಲಿ ‘ಎಂಡಿಮಿಯನ್’ ಹೊರಬಿದ್ದಾಗ ವಿಮರ್ಶಕರು ಕವಿಯನ್ನು ಹೀನಾಯವಾಗಿ ಜರೆದರು. ಅದೇ ಅಕ್ಟೋಬರಿನಲ್ಲಿ ವುಡ್‌ಹೌಸ್ ಕಾಗದವೊಂದರಲ್ಲಿ, ಷೇಕ್ಸ್‌ಪಿಯರ್, ಮಿಲ್ಟನ್ನರ ತರುವಾಯ ಇಂಥ ಪ್ರತಿಭೆ ಮೂಡಿಲ್ಲವೆಂದು ಬರೆದ. ಆಗ ಕವಿಗೆ ಇಪ್ಪತ್ತಮೂರೂ ತುಂಬಿರಲಿಲ್ಲ!

ಕೀಟ್ಸನಿಗಾದರೋ ತನ್ನ ಹಾಳೆಗಳಲ್ಲಿ ಅಷ್ಟಾಗಿ ಆಸ್ಥೆಯಿಲ್ಲ. ಬರೆದ ಚೂರುಗಳನ್ನು ಪುಸ್ತಕಗಳ ಹಿಂದೆ ತುರುಕುತ್ತಿದ್ದನೆಂದು ಅವನ ಗೆಳೆಯ ಬ್ರೌನ್ ನೆನೆದಿದ್ದಾನೆ. ವುಡ್‌ಹೌಸ್ ಕೈಗೆ ಸಿಕ್ಕುದನ್ನೆಲ್ಲ ನಕಲು ಮಾಡಿಕೊಂಡ. ಕೆಲವನ್ನು ಶೀಘ್ರಲಿಪಿಯಲ್ಲಿಯೂ ಬರೆದುಕೊಂಡ. ಪಾಠಾಂತರಗಳನ್ನು ಗುರುತಿಸಿದ. ನಮ್ಮ ಓಲೆಗರಿಯ ಲಿಪಿಕಾರರಲ್ಲಿ ಕೆಲವರು, ಅರ್ಥವಾಗದ ಪದವನ್ನು ತಮಗೆ ತೋಚಿದಂತೆ ತಿದ್ದಿ ಸಂಪಾದಕರಿಗೆ ತಲೆನೋವು ತಂದಿಟ್ಟಿರುವುದುಂಟು. ಈ ವಕೀಲನದು ದಸ್ತಾವೇಜನ್ನು ಕಾಯುವವನ ಶಿಸ್ತು.

1821ರ ಫೆಬ್ರವರಿ 23ರಂದು, ಇಪ್ಪತ್ತೈದರ ವಯಸ್ಸಿನಲ್ಲಿ, ಕೀಟ್ಸ್ ರೋಮಿನಲ್ಲಿ ಕ್ಷಯದಿಂದ ತೀರಿಕೊಂಡ. 1819ರಲ್ಲಿ ಆತ ಅರ್ಧಕ್ಕೆ ಬಿಟ್ಟಿದ್ದ ‘ದಿ ಫಾಲ್ ಆಫ್ ಹೈಪೀರಿಯನ್’ ಕಾವ್ಯದ ಮೂಲಪ್ರತಿ ಕಳೆದೇಹೋಯಿತು. ಕಾಗದದಲ್ಲಿ ಉಲ್ಲೇಖಿಸಿದ ಕೆಲವು ಸಾಲುಗಳನ್ನುಳಿದು, ಕವಿಯ ಕೈಬರಹದಲ್ಲಿ ಅದು ಇಂದು ಇಲ್ಲ. 1850ರ ದಶಕದಲ್ಲಿ ಮೊದಲು ಅಚ್ಚಾದಾಗ ಅದರಲ್ಲೊಂದು ಭಾಗವೇ ಬಿಟ್ಟುಹೋಗಿದ್ದಿತು. 1904ರಲ್ಲಿ ವುಡ್‌ಹೌಸನ ಪುಸ್ತಕ ಬೆಳಕಿಗೆ ಬಂದಾಗ ಆ ಸಾಲುಗಳೂ ದೊರೆತವು. ಅವು ಕವಿಗೂ ಬರಿಯ ಕನಸುಗಾರನಿಗೂ ಇರುವ ಅಂತರವನ್ನು ಕೆದಕುವ ಸಾಲುಗಳು. ಇಂದಿನ ವಿದ್ವಾಂಸರು ಮತ್ತೆಮತ್ತೆ ಚರ್ಚಿಸುವಂಥವು. ಸ್ವಾರಸ್ಯವೆಂದರೆ, ಕವಿ ಇವನ್ನು ಹೊಡೆದುಹಾಕಲು ಬಯಸಿದ್ದಂತೆ ತೋರುತ್ತದೆಂದು ವುಡ್‌ಹೌಸನೇ ಅಲ್ಲಿ ನಮೂದಿಸಿದ್ದಾನೆ.

ಹಾಗಾದರೆ ಬರೆದಿಟ್ಟದ್ದು ಸರಿಯೆ? ಕವಿಗೆ ಬೇಡವಾದುದನ್ನು ಅಭಿಮಾನಿ ಉಳಿಸಬಹುದೆ? ಉಳಿಸಬಹುದೆಂದೇ ನನ್ನ ಮತ. ವುಡ್‌ಹೌಸ್ ಸಾಲುಗಳನ್ನೂ ಉಳಿಸಿದ, ಕವಿಯ ಸಂಶಯವನ್ನೂ ಉಳಿಸಿದ. ತೀರ್ಪನ್ನು ಮಾತ್ರ ತಾನು ಹೇಳಲಿಲ್ಲ, ವಕೀಲನಾಗಿದ್ದೂ!

1834ರಲ್ಲಿ ಅವನೂ ತೀರಿಕೊಂಡ. ಆ ಕಾವ್ಯ ಅಚ್ಚಾದುದನ್ನು ಅವನು ನೋಡಲಿಲ್ಲ. ಪುಸ್ತಕವೀಗ ಹಾರ್ವರ್ಡ್ ವಿಶ್ವವಿದ್ಯಾಲಯದ ಹೌಟನ್ ಗ್ರಂಥಾಲಯದಲ್ಲಿದೆ.